ಪಾಯಿಂಟಿನ ರೆಂಡಿಟ್ಟಾ

‘ನಿಮ್ಮ ಪಾಯಿಂಟುಗಳ ಅವಧಿ ಮುಗಿಯುತ್ತಿದೆ’ ಎಂದು ಹೋಟೆಲಿನವರು ಕಳಿಸುವ ಸಂದೇಶ ಕಂಡಾಗಲೆಲ್ಲ ನನ್ನ ತಲೆ ಓಡುವುದು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ. ನಂದಿಬೆಟ್ಟದ ಬುಡದ ಮ್ಯಾರಿಯಟ್ಟಿನಲ್ಲಿ ಉಳಿದು ಗಳಿಸಿದ ಪಾಯಿಂಟನ್ನು ವಿಮಾನದ ಮೈಲಾಗಿಸಲು ಹೊರಟರೆ, ಬಹುತೇಕ ವಿಮಾನ ಕಂಪನಿಗಳಲ್ಲಿ 3 ಪಾಯಿಂಟಿಗೆ 1 ಮೈಲು. ಒಂದೇ ಸಲ 60,000 ಕೊಟ್ಟರೆ ಕೊಸರು 5,000 ಸೇರಿ 25,000 ಮೈಲು. ಮೂರಕ್ಕೊಂದು ಎಂದರೆ ಹಗಲುದರೋಡೆ ಎಂದು ಗೊಣಗುವವರೇ ಹೆಚ್ಚು. ಗೊಣಗಬೇಕಾದ್ದು ಬೇರೆಯದಕ್ಕೆ ಎಂಬುದು ನನ್ನ ತಕರಾರು.

ಒಂದು ಕೆ.ಜಿ. ಕಚ್ಚಾ ರೇಷ್ಮೆಗೆ ಎಷ್ಟು ಕೆ.ಜಿ. ಗೂಡು ಬೇಕು ಎಂಬ ಲೆಕ್ಕವನ್ನು ನೂಲು ಬಿಚ್ಚುವ ನಮ್ಮ ರೀಲರುಗಳು ರೆಂಡಿಟ್ಟಾ ಎನ್ನುತ್ತಾರೆ. ಒಳ್ಳೆಯ ಬೈವೋಲ್ಟಿನ್ (ದ್ವಿತಳಿ) ಗೂಡಾದರೆ ಆರೇಳು, ಸಿ.ಬಿ. (ಮಿಶ್ರತಳಿ) ಗೂಡಾದರೆ ಇನ್ನೂ ಮೇಲೆ. ಹಾಗೆಂದು ಶಿಡ್ಲಘಟ್ಟದಲ್ಲಾಗಲಿ ಚಿಂತಾಮಣಿಯಲ್ಲಾಗಲಿ ಯಾರೂ ಇದನ್ನು ಮೋಸ ಅನ್ನುವುದಿಲ್ಲ. ಗೂಡಿನ ತೂಕದಲ್ಲಿ ಮುಕ್ಕಾಲು ಪಾಲು ಒಳಗಿನ ಹುಳುವಿನದೇ. ಕಳೆದದ್ದು ಎಲ್ಲಿ ಹೋಯಿತೆಂದು ಕಣ್ಣಿಗೆ ಕಾಣುತ್ತದೆ. ರೀಲರು ಲಾಟಿನಿಂದ ಒಂದು ಹಿಡಿ ಗೂಡು ತೆಗೆದು, ಬೆರಳಲ್ಲಿ ಒತ್ತಿ ಬಿಗಿ ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ ಹುಳುವಿನ ಸದ್ದು ಕೇಳಿದ ಮೇಲೇ ದರಕ್ಕೆ ಇಳಿಯುವುದು. ಅವಧಿ ಮುಗಿಯುವ ಭಯವೂ ರೈತನಿಗೆ ಹೊಸದಲ್ಲ. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ತೂತು ಕೊರೆದು ಹೊರಬಂದರೆ ಎಳೆ ತುಂಡು ತುಂಡು. ಇಷ್ಟು ಅವಸರದಲ್ಲಿರುವವನು ಯಾರ ಕೈಗೂ ಸಿಕ್ಕಿಬೀಳಬಹುದು. ರೇಷ್ಮೆಗೂಡಿನ ಮಾರಾಟವನ್ನು ನಿಯಂತ್ರಿಸುವ ರಾಜ್ಯದ 1959ರ ಕಾಯ್ದೆಯ ಬಲದಿಂದ ಗೂಡು ಸರ್ಕಾರಿ ಮಾರುಕಟ್ಟೆಗೆ ಬಂದು ಹರಾಜಾಗುವುದು ಅದಕ್ಕೇ ದೊಡ್ಡ ಮಾತು. ದರ ಬಿದ್ದ ದಿನ ಅಲ್ಲೂ ಬೈಗುಳ ಕೇಳುತ್ತದೆ, ನಿಜ. ಆದರೆ ದರ ಕೂಗುವವರು ನಾಲ್ಕಾರು ಜನ, ತೂಕ ಎದುರಿಗೇ.

ಪಾಯಿಂಟಿಗೆ ಈ ಹರಾಜೇ ಇಲ್ಲ. ಅದನ್ನು ಹುಟ್ಟಿಸುವವರು, ತೂಗುವವರು, ದರ ಕಟ್ಟುವವರು ಎಲ್ಲರೂ ಒಬ್ಬರೇ. ನಾಳೆ ನಾಲ್ಕಕ್ಕೊಂದು ಎಂದರೆ ಕೇಳುವವರಿಲ್ಲ. ಪುಗಸಟ್ಟೆ ಬಂದದ್ದಕ್ಕೆ ಇಷ್ಟೇಕೆ ಎನ್ನಬಹುದು. ಪುಗಸಟ್ಟೆ ಎಲ್ಲಿ ಬಂತು? ಕೋಣೆಯ ಬಾಡಿಗೆಯಲ್ಲೇ ಅದರ ಬೆಲೆ ಸೇರಿರುತ್ತದೆ. ಬಾಡಿಗೆ ಕಟ್ಟಿದ್ದು ನಮ್ಮ ಆಫೀಸು ಎಂಬುದಕ್ಕೆ ನಮಗೆ ಉರಿಯುವುದಿಲ್ಲ, ಅಷ್ಟೇ. ಹಾಗಾದರೆ ಬೇಗ ಮೈಲು ಮಾಡಿಟ್ಟುಕೊಳ್ಳುವುದೇ ಕ್ಷೇಮವಲ್ಲವೇ ಎಂಬುದು ಇನ್ನೊಂದು ವಾದ, ಸ್ವಲ್ಪ ಗಟ್ಟಿಯಾದದ್ದು. ಆದರೆ 2012ರಲ್ಲಿ ಕಿಂಗ್‌ಫಿಷರ್ ವಿಮಾನ ಕಂಪನಿ ನೆಲಕ್ಕಿಳಿದಾಗ ಅದರ ಕಿಂಗ್ ಕ್ಲಬ್ಬಿನ ಮೈಲುಗಳಿಗೆ ಕೂಗುವವರೇ ಇರಲಿಲ್ಲ. 2024ರಲ್ಲಿ ವಿಸ್ತಾರ ಏರ್ ಇಂಡಿಯಾದಲ್ಲಿ ಸೇರಿಹೋದಾಗ ಒಂದಕ್ಕೊಂದರಂತೆ ಪಾಯಿಂಟು ಸಿಕ್ಕಿತು. ಎರಡೂ ಕಡೆ ಗ್ರಾಹಕನ ಮಾತು ನಡೆದದ್ದೇನೂ ಇಲ್ಲ. ಮೈಲಾದದ್ದು ಸಾಮಾನ್ಯವಾಗಿ ಮತ್ತೆ ಪಾಯಿಂಟಾಗುವುದೂ ಇಲ್ಲ, ಬಿಚ್ಚಿದ ನೂಲನ್ನು ಗೂಡಿಗೆ ಸುತ್ತಲಾಗದು.

ಅಂದಮೇಲೆ ಅವಧಿಯ ಬೆದರಿಕೆಗೆ ಹೆದರಿ ಪಾಯಿಂಟನ್ನು ಮೈಲಾಗಿ ಬದಲಾಯಿಸಬಾರದು. ಮ್ಯಾರಿಯಟ್ಟಿನ 24 ತಿಂಗಳ ಗಡುವನ್ನು ಮುಂದೂಡಲು ಖಾತೆಯಲ್ಲಿ ಒಂದಿಷ್ಟು ವಹಿವಾಟು ನಡೆದರೆ ಸಾಕು. ಬದಲಾಯಿಸುವ ಸಂದರ್ಭವೂ ಇದೆ. ಗೌರಿಬಿದನೂರಿನ ಅಪ್ಪ ಅಮ್ಮ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದಾರೆ, ಸೀಟು ಕಣ್ಣೆದುರಿಗೇ ಖಾಲಿ ಇದೆ, ಮೈಲು ಮಾತ್ರ ಕೆಲವು ಸಾವಿರ ಸಾಲದು: ಆಗ ಮೂರಕ್ಕೊಂದು ಕೊಟ್ಟರೂ ನಷ್ಟವಿಲ್ಲ. ಮೊದಲು ಸೀಟು ನೋಡಿಕೊಳ್ಳಬೇಕು. ಮೈಲು ಖಾತೆ ಸೇರಲು ಕೆಲವು ದಿನ ಹಿಡಿಯಬಹುದಾದ್ದರಿಂದ ಅಷ್ಟು ದಿನ ಆ ಸೀಟು ಉಳಿಯುವುದೇ ಎಂದೂ ವಿಚಾರಿಸಿಕೊಳ್ಳಬೇಕು.