ಹತ್ತು ವರ್ಷದ ಲೆಕ್ಕ

ನಾವು ಗುರುಗ್ರಾಮಕ್ಕೆ ಬಂದು ನೆಲೆಸಿ ಒಂಬತ್ತು ವರ್ಷಗಳಾದವು. ನಮ್ಮಿಬ್ಬರಲ್ಲಿ ಒಬ್ಬರದು ಶಾಲೆಯಲ್ಲಿ ಪಾಠ ಹೇಳುವ ಕೆಲಸ, ಇನ್ನೊಬ್ಬರದು ಪ್ರೈವೇಟ್ ಈಕ್ವಿಟಿ ಸಂಸ್ಥೆಯೊಂದರಲ್ಲಿ ಉದ್ಯೋಗ. ಅದೇನು ಉದ್ಯೋಗವೆಂದು ಧಾರವಾಡದ ಹಿರಿಯರು ಕೇಳಿದಾಗ, ಪರರ ಹಣದಿಂದ ಕಂಪನಿಗಳ ಪಾಲು ಕೊಂಡು, ಅವುಗಳನ್ನು ಬೆಳೆಸಿ, ಕೆಲವು ವರ್ಷಗಳ ಬಳಿಕ ಮಾರುವುದೆಂದು ವಿವರಿಸಿದೆವು. ‘ಕರು ಕೊಂಡು ಸಾಕಿ, ಹಸುವಾದ ಮೇಲೆ ಮಾರಿದ ಹಾಗೆ’ ಎಂದರು. ತಪ್ಪೇನಲ್ಲ.

ಇಂಥ ನಿಧಿಯ ಆಯುಷ್ಯ ಸಾಮಾನ್ಯವಾಗಿ 10 ವರ್ಷ. ನಿರ್ವಹಣೆಗೆಂದು ಸಂಸ್ಥೆಗೆ ವರ್ಷಕ್ಕೆ ಸುಮಾರು ಶೇ. 2 ಶುಲ್ಕ ದೊರೆಯುತ್ತದೆ. ಹೂಡಿಕೆದಾರರಿಗೆ ಅಸಲೂ ಒಪ್ಪಿದ ಪ್ರತಿಫಲವೂ ಮರಳಿದ ಮೇಲೆ, ಲಾಭದಲ್ಲಿ ಸಾಮಾನ್ಯವಾಗಿ ಶೇ. 20 ಸಂಸ್ಥೆಯ ಪಾಲು. ‘ಕ್ಯಾರಿ’ ಎಂದು ಕರೆಯುವ ಆ ಪಾಲಿನ ಒಂದಂಶ ನೌಕರರಿಗೂ ಉಂಟು. ಆದರೆ ಅದು ಕೈಸೇರುವುದು ಬಹುಮಟ್ಟಿಗೆ ಕೊನೆಯ ವರ್ಷಗಳಲ್ಲಿ. ನಡುವೆ ಬಿಟ್ಟವರು ಅದರಲ್ಲಿ ಬಹುಪಾಲನ್ನು ಕಳೆದುಕೊಳ್ಳುವುದೇ ಹೆಚ್ಚು.

ಈ ಕೆಲಸದಲ್ಲಿ ತೃಪ್ತಿಯೇ ಇಲ್ಲವೆಂದರೆ ಸುಳ್ಳಾದೀತು. ಮುಚ್ಚುವಂತಿದ್ದ ಕಾರ್ಖಾನೆಯೊಂದರಲ್ಲಿ ಎರಡನೆಯ ಪಾಳಿ ಆರಂಭವಾದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಆದರೆ ಹೊಸ ಕಂಪನಿಯ ಪರಿಶೀಲನೆ ನಡೆಯುವ ವಾರಗಳಲ್ಲಿ ಮನೆಗೆ ಮರಳುವುದು ರಾತ್ರಿ ಎರಡಕ್ಕೆ. ಭಾನುವಾರವೂ ದೂರವಾಣಿಗೆ ಬಿಡುವಿಲ್ಲ. ಇದನ್ನೆಲ್ಲ ಸಹಿಸಿದ್ದು ಹತ್ತನೆಯ ವರ್ಷದ ಹೆಸರಿನಲ್ಲಿ.

ಕಳೆದ ಚಳಿಗಾಲದ ಒಂದು ಭಾನುವಾರ ದೆಹಲಿ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆಂದು ಮಗಳೊಡನೆ ಹೊರಟೆವು. ಪಿಂಕ್ ಲೈನಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಮೋತಿಬಾಗ್ ನಿಲ್ದಾಣದಲ್ಲಿ ಇಳಿಯುತ್ತಲೇ ಕಚೇರಿಯ ಕರೆ ಬಂತು. ಮುಕ್ಕಾಲು ಗಂಟೆ ಅಲ್ಲಿಯೇ ನಿಂತೆವು. ‘ಇವರು ಯಾರು?’ ಎಂದು ಮಗಳು ಫಲಕದ ಹೆಸರು ತೋರಿಸಿ ಕೇಳಿದಳು, ಹಿಂದಿಯಲ್ಲಿ. ನಮಗೆ ಚುಚ್ಚಿದ್ದು ಆ ಹಿಂದಿ. ಕನ್ನಡ ಆಡಲು ಮನೆಯಲ್ಲಿ ಇಬ್ಬರು ಒಟ್ಟಿಗೆ ಇರಬೇಕಲ್ಲವೇ?

ತಡರಾತ್ರಿಯ ದುಡಿಮೆಗೆ ನಾವು ಅದುವರೆಗೆ ವಿಶ್ವೇಶ್ವರಯ್ಯನವರ ಹೆಸರನ್ನೇ ಸಮರ್ಥನೆಯಾಗಿ ಬಳಸುತ್ತಿದ್ದೆವು. 1912ರಲ್ಲಿ ಮೈಸೂರಿನ ದಿವಾನರಾದ ಅವರು 1918ರಲ್ಲಿ ತಾವಾಗಿಯೇ ಆ ಪದವಿಯನ್ನು ಬಿಟ್ಟರೆಂಬುದು ಅಂದು ನೆನಪಾಯಿತು. ಅವರ ಕಾರಣ ಬೇರೆ, ನಮ್ಮದು ಬೇರೆ. ಆದರೂ ಬಿಡುವುದು ಸೋಮಾರಿತನದ ಗುರುತಲ್ಲ ಎಂಬಷ್ಟು ಅವರಿಂದ ಕಲಿಯಬಹುದು.

ಆ ರಾತ್ರಿ ಲೆಕ್ಕ ಹಾಕಿದೆವು. ಈಗ ಬಿಟ್ಟರೆ ಕಳೆದುಕೊಳ್ಳುವ ಮೊತ್ತ, ಮನೆಸಾಲದಲ್ಲಿ ಉಳಿದಿರುವುದಕ್ಕೆ ಹೆಚ್ಚುಕಡಿಮೆ ಸಮ. ಮಗಳು ಹುಟ್ಟಿದ್ದು ಈ ನಿಧಿ ಆರಂಭವಾದ ವರ್ಷವೇ. ನಿಧಿಯ ಅವಧಿಯನ್ನು ಹೂಡಿಕೆದಾರರ ಒಪ್ಪಿಗೆಯಿಂದ ಒಂದೆರಡು ವರ್ಷ ವಿಸ್ತರಿಸಬಹುದು. ನಮ್ಮ ನಿಧಿಯನ್ನು ಹಾಗೆಯೇ ವಿಸ್ತರಿಸುವ ಮಾತು ನಡೆದಿತ್ತು. ಬಾಲ್ಯಕ್ಕೆ ಅಂಥ ಕಲಮು ಇಲ್ಲ.

ಮಾನೇಸರದ ಒಂದು ಕಾರ್ಖಾನೆಯ ಹಣಕಾಸು ವಿಭಾಗಕ್ಕೆ ಸೇರುವ ನಿರ್ಧಾರ ಮಾಡಿದೆವು. ಸಂಬಳ ಹಿಂದಿನ ಅರ್ಧಕ್ಕೂ ಕಡಿಮೆ, ಸಾಲದ ಕಂತು ಮಾತ್ರ ಅಷ್ಟೇ. ತಂದೆ-ತಾಯಿಯರ ಔಷಧಿ, ತಮ್ಮಂದಿರ ಓದು ಹೆಗಲ ಮೇಲಿರುವ ಗೆಳೆಯರಿಗೆ ಈ ಆಯ್ಕೆ ಸಾಧ್ಯವಾಗದು. ಅವರಿಗೆ ಉಪದೇಶ ಮಾಡುವ ಅಧಿಕಾರ ನಮಗಿಲ್ಲ. ನಮ್ಮ ಮನೆಯಲ್ಲಿ ಈಗ ಸಂಜೆ ಏಳೂವರೆಗೆ ಮೂರು ತಟ್ಟೆಗಳು ಒಟ್ಟಿಗೆ ಬೀಳುತ್ತವೆ. ಮಗಳು ತಪ್ಪು ಕನ್ನಡದಲ್ಲಿ ಜಗಳವಾಡುತ್ತಾಳೆ. ನಾವು ತಿದ್ದುತ್ತೇವೆ.