ಮಾರ್ಗಶಿರದಲ್ಲಿ ಕಂಡ ಗಣಿಗುಡ್ಡ

ಗಣಿಯ ಕೆಲಸ ನಿಂತ ಗುಡ್ಡವೊಂದು ಮತ್ತೆ ಕಾಡಾಗುತ್ತಿದೆಯೇ ಎಂದು ತಿಳಿಯಬೇಕಾದವರು ಮಳೆಗಾಲದಲ್ಲಿ ಅಲ್ಲಿಗೆ ಹೋಗಬಾರದು. ಶ್ರಾವಣದಲ್ಲಿ ಸಂಡೂರು ಸೀಮೆಯ ಕಲ್ಲಿನ ಮೇಲೂ ಹಸಿರು ಮೂಡುತ್ತದೆ. ಹುಲ್ಲು ಒಣಗಿ ನೆಲದ ಮೈ ಕಾಣುವ ಚಳಿಗಾಲವೇ ಪರೀಕ್ಷೆಗೆ ತಕ್ಕ ಕಾಲ. ಗುಡ್ಡದ ಕೆಳಗಿನ ಊರಿನ ರೈತರು ತಮ್ಮ ಕೆರೆಯ ಹೂಳನ್ನು ಸ್ವಂತ ಹಣದಿಂದ ತೆಗೆಸಬೇಕೆಂದಿದ್ದರು. ತೆಗೆಸಿದರೆ ಮೇಲಿನ ಕೆಮ್ಮಣ್ಣು ಮತ್ತೆ ಬಂದು ತುಂಬುವುದೇ ಎಂಬುದು ಅವರ ಚಿಂತೆ. ಭೂವಿಜ್ಞಾನದ ಪಾಠ ಹೇಳಿದವನೆಂಬ ಕಾರಣದಿಂದ ನನ್ನನ್ನು ಕರೆದರು. ಅರಣ್ಯ ಇಲಾಖೆಯಿಂದ ನಿವೃತ್ತರಾದ ಮಿತ್ರರೊಬ್ಬರೊಡನೆ ಕಳೆದ ಮಾರ್ಗಶಿರದಲ್ಲಿ ನಾನು ಅಲ್ಲಿಗೆ ಹೋದೆನು.

ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು 2011ರ ಜುಲೈನಲ್ಲಿ ತಡೆಹಿಡಿದುದು ಎಲ್ಲರಿಗೂ ತಿಳಿದಿದೆ. 2013ರ ಏಪ್ರಿಲ್ ತೀರ್ಪಿನಲ್ಲಿ ತೀವ್ರ ಅಕ್ರಮ ನಡೆದ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರು ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆಗೆ ಒಳಪಡಬೇಕಾಯಿತು.

ಅದಿರಿನ ಮೇಲಿದ್ದ ಮಣ್ಣುಕಲ್ಲನ್ನು ಅಗೆದು ಪಕ್ಕಕ್ಕೆ ಸುರಿದ ರಾಶಿಯೇ ಇಲ್ಲಿ ಮುಖ್ಯ ತೊಂದರೆ. ಅದು ಗುಡ್ಡದಂತೆ ಕಂಡರೂ ಗುಡ್ಡವಲ್ಲ. ಒಳಗೆ ಬಂಧವಿಲ್ಲದ ಪುಡಿ. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಇಳಿಜಾರು ತಗ್ಗಿಸಿ, ತೆಂಗಿನ ನಾರಿನ ಜಾಲ ಹೊದಿಸಿ, ಬುಡಕ್ಕೆ ಕಲ್ಲಿನ ಗೋಡೆ ಕಟ್ಟಿದ್ದರು. ಕೆಲಸ ಬಹುಮಟ್ಟಿಗೆ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಮೂರನೆಯ ಮೆಟ್ಟಿಲಿನ ಕೆಳಗೆ ಜಾಲ ಹರಿದು, ಮಳೆನೀರು ಮೊಣಕಾಲುದ್ದದ ಕೊರಕಲು ಕೊರೆದಿತ್ತು. ಹುಲ್ಲು ಹಸಿರಾಗಿದ್ದರೆ ಅದು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ನೆಟ್ಟ ಸಸಿಗಳ ಲೆಕ್ಕವನ್ನು ನನ್ನ ಮಿತ್ರರು ಕೇಳಲೇ ಇಲ್ಲ. (ಲೆಕ್ಕದ ಪುಸ್ತಕದಲ್ಲಿ ಸಸಿ ಸಾಯುವುದಿಲ್ಲ ಎಂಬುದು ಅವರ ಸೇವಾಕಾಲದ ಅನುಭವ.) ಅವರು ಹೊಂಗೆಯ ಬುಡದಲ್ಲಿ ಕುಳಿತು ತರಗೆಲೆ ಸರಿಸಿದರು. ಅಡಿಯಲ್ಲಿ ಗೆದ್ದಲು ತಿಂದು ಮಾಡಿದ ತೇವದ ಮಣ್ಣು ಬೆರಳಗಲ ಇದ್ದಿತು. ಇನ್ನೂ ಸಂತೋಷವಾದದ್ದು, ಯಾರೂ ನೆಡದ ಬಂದರಿಕೆಯ ಗಿಡಗಳು ಎರಡನೆಯ ಮೆಟ್ಟಿಲಿನಲ್ಲಿ ತಾವಾಗಿ ಹುಟ್ಟಿದ್ದವು. ನೂರು ನೆಟ್ಟ ಸಸಿಗಳಿಗಿಂತ ಆ ಹತ್ತು ಗಿಡಗಳನ್ನೇ ನಾನು ಹೆಚ್ಚಾಗಿ ನಂಬುತ್ತೇನೆ.

ಹಳ್ಳಕ್ಕೆ ಇಳಿದಾಗ ಮಾತ್ರ ಮನಸ್ಸು ಕುಗ್ಗಿತು. ಸಾಲಾಗಿ ಕಟ್ಟಿದ್ದ ನಾಲ್ಕು ಚೆಕ್‌ಡ್ಯಾಮುಗಳಲ್ಲಿ ಮೇಲಿನ ಮೂರು ನೆತ್ತಿಯವರೆಗೆ ಹೂಳಿನಿಂದ ತುಂಬಿದ್ದವು. ಮಣ್ಣನ್ನು ತಡೆದು ಅವು ತಮ್ಮ ಕೆಲಸ ಮಾಡಿದ್ದವು. ಆದರೆ ತುಂಬಿದ ಮೇಲೆ ಬರುವ ಮಣ್ಣು ಅವುಗಳ ತಲೆಯ ಮೇಲೆ ಹಾದು ಕೆರೆಗೇ ಹೋಗುತ್ತದೆ.

ಜೋಳದ ಹೊಲದ ಬದುವಿನಲ್ಲಿ ನಿಂತಿದ್ದ ಹಿರಿಯರೊಬ್ಬರನ್ನು, “ಗುಡ್ಡ ಸುಧಾರಿಸಿದೆಯೇ, ಯಜಮಾನರೇ?” ಎಂದು ಕೇಳಿದೆನು.

“ಗುಡ್ಡದ ಸುದ್ದಿ ನನಗ ಗೊತ್ತಿಲ್ರಿ ಮೇಷ್ಟ್ರೆ. ಮಳಿ ಬಂದಾಗ ಹಳ್ಳದ ನೀರು ಯಾವ ಬಣ್ಣ ಐತಿ, ಅಷ್ಟು ನೋಡ್ತೀನಿ. ಮೊದಲು ರಕ್ತ ಇದ್ದಂಗ ಇತ್ತು. ಈಗ ಚಹಾ ಆಗೈತ್ರಿ.”

ಮೊದಲು ಚೆಕ್‌ಡ್ಯಾಮುಗಳ ಹೂಳನ್ನೂ ಮೂರನೆಯ ಮೆಟ್ಟಿಲಿನ ಕೊರಕಲನ್ನೂ ಗುತ್ತಿಗೆದಾರರಿಂದಲೇ ಸರಿಪಡಿಸಿಕೊಳ್ಳಿರಿ, ಒಂದು ಮಳೆಗಾಲ ನೋಡಿರಿ, ಅಲ್ಲಿಯವರೆಗೆ ಕೆರೆಗೆ ಹಣ ಹಾಕಬೇಡಿರಿ ಎಂದು ಆ ಸಂಜೆ ನಾವಿಬ್ಬರೂ ಬರೆದು ಸಹಿ ಮಾಡಿಕೊಟ್ಟೆವು.