ಎರಡು ಬೆಡ್‌ರೂಮಿನ ಮನೆಯ ಬಾಡಿಗೆ

ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಕೂತವನಿಗೆ ನಿವೃತ್ತಿಯಾದ ಮೇಲೂ ಕಣ್ಣು ಮೊದಲು ಹೋಗುವುದು ಅಂಕಿಗಳ ಕಡೆಗೇ. 2019ರ ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಮಗಳನ್ನು ನೋಡಲು ಅಮೆರಿಕಕ್ಕೆ ಹೋದಾಗಲೂ ಹಾಗೇ ಆಯಿತು.

ಮಗಳು ಡಾಕ್ಟರು. ಅಯೋವಾ ರಾಜ್ಯದ ಒಂದು ಸಣ್ಣ ಊರಿನ ಕ್ಲಿನಿಕ್ಕಿನಲ್ಲಿ ಕೆಲಸ. ಸುತ್ತ ಎತ್ತ ನೋಡಿದರೂ ಮುಸುಕಿನ ಜೋಳ, ಸೋಯಾ. ನಡುವೆ ಒಂದು ದೊಡ್ಡ ಬೀದಿ, ಒಂದು ಅಂಚೆ ಕಚೇರಿ, ಎರಡು ಚರ್ಚು. "ಇದಕ್ಕೋಸ್ಕರ ಇಷ್ಟು ದೂರ ಬರಬೇಕಿತ್ತೇ?" ಎಂದು ನನ್ನಾಕೆ ಮೊದಲ ದಿನವೇ ಕೇಳಿಬಿಟ್ಟಳು. ಮಕ್ಕಳನ್ನು ಡಾಕ್ಟರಿಕೆಗೆ ಅಲ್ಲಿಗೆ ಕಳಿಸಬೇಕೆಂದಿರುವ ತಂದೆತಾಯಂದಿರು ಇದನ್ನು ತಿಳಿದಿರುವುದು ಒಳ್ಳೆಯದು. ಜೆ-1 ವೀಸಾದಲ್ಲಿ ತರಬೇತಿ ಮುಗಿಸಿದ ವಿದೇಶಿ ವೈದ್ಯರು ಎರಡು ವರ್ಷ ತಾಯ್ನಾಡಿಗೆ ಮರಳಿ ಇರಬೇಕೆಂಬ ನಿಯಮವಿದೆ. ವೈದ್ಯರ ಕೊರತೆಯಿರುವ ಕಡೆ ಮೂರು ವರ್ಷ ದುಡಿಯುತ್ತೇನೆಂದು ಒಪ್ಪಿದರೆ ಅದರಿಂದ ವಿನಾಯಿತಿ ಸಿಗಬಹುದು. ಮಗಳು ಒಪ್ಪಿದ್ದಳು. ಆ ಮೂರು ವರ್ಷ ಮುಗಿಯುವ ಹೊತ್ತಿಗೇ ನಾವು ಹೋಗಿದ್ದು. ಮಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಸಾಫ್ಟ್‌ವೇರಿನವನು. ಅವಳನ್ನೂ ಅಲ್ಲಿಗೇ ಸೇರಿಸಿ ಬರುವುದು ನನ್ನ ಗುಟ್ಟಿನ ಉದ್ದೇಶವಾಗಿತ್ತು.

ಒಂದು ರಾತ್ರಿ ಊಟದ ಮೇಜಿನ ಮೇಲೆ ಅವಳ ಕ್ಲಿನಿಕ್ಕಿನ ದರಪಟ್ಟಿ ಬಿದ್ದಿತ್ತು. ಮೆಡಿಕೇರ್ ಎಂಬುದು 65 ದಾಟಿದವರಿಗೆ ಅಲ್ಲಿನ ಕೇಂದ್ರ ಸರ್ಕಾರ 1965ರಲ್ಲಿ ಕಾನೂನು ಮಾಡಿ ತಂದ ಆರೋಗ್ಯ ವಿಮೆ. ಆ ಊರಿನಲ್ಲಿ ರೋಗಿಗಳೆಂದರೆ ಹೆಚ್ಚಾಗಿ ಮುದುಕರೇ. ಆದ್ದರಿಂದ ಕ್ಲಿನಿಕ್ಕು ನಡೆಯುತ್ತಿದ್ದುದು ಮುಖ್ಯವಾಗಿ ಮೆಡಿಕೇರ್ ಕೊಡುವ ಹಣದಿಂದ. ಪಟ್ಟಿ ನೋಡಿ ನಾನು ಕೆರಳಿದೆ. ಅದೇ ಜ್ವರ, ಅದೇ ಸ್ಟೆತಾಸ್ಕೋಪು. ಸ್ಯಾನ್ ಹೋಸೆಯಲ್ಲಿ ನೋಡಿದರೆ ಒಂದು ದರ, ಇಲ್ಲಿ ನೋಡಿದರೆ ಅದಕ್ಕಿಂತ ಕಡಿಮೆ!

"ಅಪ್ಪ, ನಿಮಗೆ ಬೆಂಗಳೂರಿನಲ್ಲಿದ್ದಾಗ ಮನೆ ಬಾಡಿಗೆ ಭತ್ಯೆ ಜಾಸ್ತಿ ಬರ್ತಿರಲಿಲ್ವಾ? ಇದೂ ಹಾಗೇ" ಎಂದಳು ಮಗಳು. ಬಾಯಿ ಮುಚ್ಚಿಸುವ ಮಾತು.

ಆಮೇಲೆ ಕಾಗದ ಪೆನ್ಸಿಲು ಹಿಡಿದು ಕೂತೆವು. ಹಾರ್ವರ್ಡಿನ ವಿಲಿಯಂ ಶಾವ್ ಮತ್ತು ಸಂಗಡಿಗರ ಅಧ್ಯಯನದ ಆಧಾರದ ಮೇಲೆ 1992ರಲ್ಲಿ ಜಾರಿಗೆ ಬಂದ ಪದ್ಧತಿ ಇದು. ಪ್ರತಿ ಚಿಕಿತ್ಸೆಗೂ ಮೂರು ಬಗೆಯ ಅಂಕಗಳು: ವೈದ್ಯರ ಶ್ರಮಕ್ಕೆ ಇಷ್ಟು, ಕ್ಲಿನಿಕ್ಕು ನಡೆಸುವ ಖರ್ಚಿಗೆ ಇಷ್ಟು, ಚಿಕಿತ್ಸೆಯಲ್ಲಿ ತಪ್ಪಾಯಿತೆಂದು ರೋಗಿ ಕೋರ್ಟಿಗೆ ಹೋದಾನೆಂದು ಕಟ್ಟುವ ವಿಮೆಗೆ ಇಷ್ಟು. ಒಂದೊಂದನ್ನೂ ಆಯಾ ಪ್ರದೇಶದ ಸೂಚ್ಯಂಕದಿಂದ ಗುಣಿಸುತ್ತಾರೆ. ದೇಶದ ಸರಾಸರಿ 1. ಕೊನೆಗೆ ಒಟ್ಟು ಅಂಕವನ್ನು ಡಾಲರಿಗೆ ತಿರುಗಿಸುತ್ತಾರೆ. 2019ರಲ್ಲಿ ಒಂದು ಅಂಕಕ್ಕೆ ಸುಮಾರು 36 ಡಾಲರ್. ವಿಮೆಯನ್ನು ಬದಿಗಿಟ್ಟು, ಶ್ರಮಕ್ಕೆ ಒಂದು ಅಂಕ, ಖರ್ಚಿಗೆ ಒಂದು ಅಂಕ ಎಂದುಕೊಳ್ಳಿ. ಸೂಚ್ಯಂಕ ಶ್ರಮಕ್ಕೆ 1, ಖರ್ಚಿಗೆ 0.9 ಇರುವ ಕಡೆ ಬರುವುದು 68 ಡಾಲರ್ 40 ಸೆಂಟ್. ಅವು 1.05 ಮತ್ತು 1.2 ಇರುವ ಕಡೆ 81 ಡಾಲರ್. ಒಬ್ಬ ರೋಗಿಗೆ ಹನ್ನೆರಡೂವರೆ ಡಾಲರಿಗೂ ಮಿಕ್ಕಿದ ವ್ಯತ್ಯಾಸ. ದಿನಕ್ಕೆ ಇಪ್ಪತ್ತು ರೋಗಿಗಳಾದರೆ ಎಷ್ಟಾಯಿತೆಂದು ಓದುವ ಮಕ್ಕಳೇ ಲೆಕ್ಕ ಹಾಕಿಕೊಳ್ಳಲಿ.

ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಬಾಡಿಗೆ ಕಡಿಮೆ ಇರುವ ಕಡೆ ಖರ್ಚಿನ ಬಾಬ್ತು ಕಡಿಮೆ ಕೊಡುವುದು ನ್ಯಾಯವೇ. ಉಪಕರಣ, ಔಷಧ ಸಾಮಗ್ರಿಗಳಿಗೆ ಎಲ್ಲ ಕಡೆಯೂ ಒಂದೇ ಬೆಲೆಯೆಂದು ಅವರೂ ಒಪ್ಪಿದ್ದಾರೆ. ಆದರೆ ಅಳೆಯುವುದು ಹೇಗೆ? ಲೆಕ್ಕದವನ ಚಪಲ, ಅದನ್ನು ಕೇಳದೆ ಇರಲಾಗಲಿಲ್ಲ.

ಕ್ಲಿನಿಕ್ಕಿನ ಕಟ್ಟಡದ ಬಾಡಿಗೆಯನ್ನು ಅವರು ಅಳೆಯುವುದೇ ಇಲ್ಲ! ವಾಣಿಜ್ಯ ಕಟ್ಟಡಗಳ ಬಾಡಿಗೆಗೆ ಇಡೀ ದೇಶಕ್ಕೆ ಒಪ್ಪುವ ಅಂಕಿ ಅಂಶ ಇಲ್ಲವೆಂದು, ಅದರ ಬದಲು ಎರಡು ಬೆಡ್‌ರೂಮಿನ ವಾಸದ ಮನೆಯ ಬಾಡಿಗೆಯನ್ನು ತೆಗೆದುಕೊಳ್ಳುತ್ತಾರೆ. ಮಗಳಿದ್ದದ್ದೂ ಎರಡು ಬೆಡ್‌ರೂಮಿನ ಬಾಡಿಗೆ ಮನೆಯೇ. ಪಕ್ಕದಲ್ಲೇ ಇದ್ದ ಮನೆಯೊಡತಿ ಎಪ್ಪತ್ತೆಂಟರ ವಿಧವೆ.

ಶ್ರಮದ ಕಥೆ ಇನ್ನೂ ಸ್ವಾರಸ್ಯ. ಡಾಕ್ಟರ ಶ್ರಮಕ್ಕೆ ಊರಿಂದೂರಿಗೆ ಎಷ್ಟು ಬೆಲೆ ಎಂದು ತಿಳಿಯಲು ಡಾಕ್ಟರ ಗಳಿಕೆಯನ್ನೇ ನೋಡುವಂತಿಲ್ಲ. ಆ ಗಳಿಕೆಯ ಮೇಲೆ ಮೆಡಿಕೇರ್ ದರದ್ದೇ ಪ್ರಭಾವವಿರುವುದರಿಂದ ಲೆಕ್ಕ ತನ್ನ ಬಾಲವನ್ನು ತಾನೇ ಹಿಡಿದಂತೆ. ಆದ್ದರಿಂದ ಎಂಜಿನಿಯರು, ವಕೀಲರು, ಮೇಷ್ಟ್ರುಗಳಂಥವರ ಸಂಬಳ ನೋಡುತ್ತಾರೆ. ಹಾಗೆ ಸಿಕ್ಕ ವ್ಯತ್ಯಾಸದಲ್ಲೂ ಕಾಲು ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕೆಂದು ಕಾನೂನು. ಇದಲ್ಲದೆ ಶ್ರಮದ ಸೂಚ್ಯಂಕ 1ಕ್ಕಿಂತ ಕೆಳಗಿಳಿಯಬಾರದೆಂದು 2004ರಿಂದ ಒಂದು ತಡೆ ಕಟ್ಟಿ, ತಾತ್ಕಾಲಿಕವೆನ್ನುತ್ತಲೇ ಅದನ್ನು ಎಷ್ಟೋ ಸಲ ಮುಂದುವರಿಸಿದ್ದಾರೆ. ಅಲಾಸ್ಕಕ್ಕೆ 2009ರಿಂದ 1.5.

ಗೆರೆ ಎಲ್ಲಿ ಎಳೆಯುತ್ತಾರೆಂಬುದೂ ಮುಖ್ಯ. ಅಯೋವಾ ಇಡೀ ರಾಜ್ಯವೇ ಒಂದು ಪ್ರದೇಶ. ಮಗನ ಊರಿನಿಂದ ಬೆಟ್ಟ ದಾಟಿದರೆ ಸಮುದ್ರದಂಡೆಯ ಸಾಂಟಾ ಕ್ರೂಜ್. ಸಿಲಿಕಾನ್ ವ್ಯಾಲಿಯ ಕನ್ನಡಿಗರು ಭಾನುವಾರ ಮಕ್ಕಳನ್ನು ಕರೆದೊಯ್ಯುವ ಜಾಗ, ಮನೆಗಳೇನೂ ಅಗ್ಗವಲ್ಲ. ಆದರೂ ಅದು ವರ್ಷಾನುಗಟ್ಟಲೆ 'ಕ್ಯಾಲಿಫೋರ್ನಿಯಾದ ಉಳಿದ ಭಾಗ' ಎಂಬ ಕಂತೆಯಲ್ಲಿ ಬಿದ್ದಿತ್ತು. ಬೆಟ್ಟದ ಆಚೆಯ ಡಾಕ್ಟರಿಗೆ ಹೆಚ್ಚು, ಈಚೆಯವರಿಗೆ ಕಡಿಮೆ. ಕೂಗಾಡಿ ಕೂಗಾಡಿ 2014ರಲ್ಲಿ ಕಾನೂನಾಯಿತು, 2017ರಿಂದ ಹಂತಹಂತವಾಗಿ ಗೆರೆ ಬದಲಾಯಿತು.

"ಹಾಗಾದರೆ ನಿನಗೆ ಸಂಬಳ ಕಡಿಮೆಯೇ?" ಎಂದೆ. ಮಗಳು ನಕ್ಕಳು. ದೊಡ್ಡ ಊರಿನ ತನ್ನ ಗೆಳತಿಯರಿಗಿಂತ ಅವಳಿಗೆ ತುಸು ಹೆಚ್ಚೇ ಬರುತ್ತಿತ್ತಂತೆ! ಆ ಊರಿನಲ್ಲಿ ವಕೀಲರು, ಮೇಷ್ಟ್ರುಗಳು ಅಲ್ಲೇ ಹುಟ್ಟಿ ಬೆಳೆದವರು, ಕಡಿಮೆ ಸಂಬಳಕ್ಕೂ ಇರುತ್ತಾರೆ. ಡಾಕ್ಟರನ್ನು ಮಾತ್ರ ಹೊರಗಿನಿಂದ ಕರೆತರಬೇಕು, ಹೆಚ್ಚು ಕೊಟ್ಟು ಉಳಿಸಿಕೊಳ್ಳಬೇಕು. ಬರುವ ದರ ಅಗ್ಗದ ಊರಿನದು, ಕೊಡುವ ಸಂಬಳ ದುಬಾರಿ ಊರಿನದು. ಕೊರತೆಯ ಪ್ರದೇಶವೆಂದು ಮೆಡಿಕೇರ್ ನೂರಕ್ಕೆ 10 ಹೆಚ್ಚಿಗೆ ಕೊಟ್ಟರೂ ಕ್ಲಿನಿಕ್ಕಿಗೆ ತಿಂಗಳ ಕೊನೆ ಕಷ್ಟವೇ.

ಮರುದಿನ ಬೇಲಿಯ ಬಳಿ ಮನೆಯೊಡತಿ ಸಿಕ್ಕಾಗ, ನಿಮ್ಮೂರಿಗೆ ದರ ಹೆಚ್ಚಿಸಬೇಕು ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಭಾಷಣ ಬಿಗಿದೆ. ಆಕೆ ಟೊಮ್ಯಾಟೊ ಕೀಳುತ್ತಲೇ ಕೇಳಿ, ಐದರಲ್ಲೊಂದು ಪಾಲು ತನ್ನ ಕೈಯಿಂದಲೇ ಹೋಗುತ್ತದಲ್ಲ ಎಂದಳು. ನಿಜ. ಮೆಡಿಕೇರ್ ಕೊಡುವುದು ನೂರಕ್ಕೆ 80. ಪೂರಕ ವಿಮೆ ಇಲ್ಲದವರು ಉಳಿದದ್ದನ್ನು ತಾವೇ ಕಟ್ಟಬೇಕು. ಇದು ನನ್ನ ಲೆಕ್ಕದಲ್ಲಿ ಬಂದೇ ಇರಲಿಲ್ಲ.

ಸ್ಯಾನ್ ಹೋಸೆಯ ಮಾತನ್ನು ನಾನು ಆಮೇಲೆ ಎತ್ತಲಿಲ್ಲ. ಎತ್ತುವ ಮುಖವೂ ಇರಲಿಲ್ಲವೆನ್ನಿ. 1987ರಲ್ಲಿ ನನಗೆ ಒಂದು ದೂರದ ತಾಲ್ಲೂಕಿಗೆ ವರ್ಗವಾದಾಗ, ಭತ್ಯೆ ಇಳಿಯುತ್ತದೆ, ಮಕ್ಕಳ ಓದು ಕೆಡುತ್ತದೆ ಎಂದು ಯಾರ್ಯಾರದೋ ಕೈಕಾಲು ಹಿಡಿದು ತಪ್ಪಿಸಿಕೊಂಡಿದ್ದೆ. ಆ ಓದಿನಿಂದಲೇ ಡಾಕ್ಟರಾದವಳು ಈಗ ಜೋಳದ ಹೊಲಗಳ ನಡುವೆ ಕೂತಿದ್ದಳು. ಅವಳಿಗೆ ಊರುಕೇರಿಯ ಉಪದೇಶ ಹೇಳಲು ನಾನಾರು? ಮತ್ತೆರಡು ವರ್ಷಕ್ಕೆ ಅವಳಾಗಿಯೇ ರುಜು ಹಾಕಿದಳು.

2022ರಲ್ಲಿ, ಮದುವೆಯಾದ ಮೇಲೆ, ಗಂಡನ ಕೆಲಸವಿದ್ದ ಶಿಕಾಗೊಗೆ ಹೋದಳು. ಕ್ಲಿನಿಕ್ಕಿಗೆ ಅವಳ ಬದಲು ಇನ್ನೊಬ್ಬರು ಸಿಗಲಿಲ್ಲ. ಬೇರೆ ಊರಿನ ಡಾಕ್ಟರೊಬ್ಬರು ವಾರಕ್ಕೆ ಎರಡು ದಿನ ಬಂದು ಹೋಗುವ ಏರ್ಪಾಡಾಯಿತು. ಮನೆಯೊಡತಿ ಆ ವರ್ಷ ಕ್ರಿಸ್‌ಮಸ್‌ಗೆ ಮಗಳಿಗೆ ಕಾರ್ಡು ಬರೆದಿದ್ದಳು. ಮಂಡಿನೋವು ಹಾಗೇ ಇದೆ. ಮನೆ ನಾಲ್ಕು ತಿಂಗಳು ಖಾಲಿ ಬಿದ್ದಿತ್ತು. ಕೊನೆಗೆ ಐವತ್ತು ಡಾಲರ್ ಇಳಿಸಿ ಬಾಡಿಗೆಗೆ ಕೊಟ್ಟೆ, ಎಂದು. ಮಗಳು ಅದನ್ನು ಫೋನಿನಲ್ಲಿ ಓದಿ ಹೇಳಿದಾಗ, ಆ ಐವತ್ತು ಡಾಲರ್ ಯಾವ ಕಲಮಿಗೆ ಹೋಗಿ ಸೇರುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.